ಮೋಹಿನಕ್ಕನ ಮಳೆ ರಜೆ

"ರಜೆ! ರಜೆ! ಇವತ್ತೂ ರಜೆ!"

ಶ್ರಾವ್ಯ ಮಂಚದ ಮೇಲೆ ಹಾರುತ್ತಿದ್ದಳು. ಕೈಯಲ್ಲಿ ಅಮ್ಮನ ಮೊಬೈಲ್. ಜೋರು ಮಳೆಯಾದ್ದರಿಂದ ಜಿಲ್ಲೆಯ ಎಲ್ಲ ಶಾಲೆಗಳಿಗೂ ರಜೆ ಎಂಬ ಮೆಸೇಜ್ ಆಗಷ್ಟೇ ಬಂದಿತ್ತು. ಒಂದೂವರೆ ವರ್ಷದ ತಮ್ಮ ಕೌಶಲ್‌ಗೆ ಏನೂ ಅರ್ಥವಾಗಿರಲಿಲ್ಲ. ಅಕ್ಕ ಹಾರುವುದನ್ನು ಕಂಡು ಅವನೂ ಚಪ್ಪಾಳೆ ತಟ್ಟಿದ.

"ಮಂಚ ಮುರಿತ್ ಕಾಣ್!" ಅಡುಗೆಮನೆಯಿಂದ ಅಮ್ಮ ಕೂಗಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಕೊಡೆ ಮಡಚಿದ ಸದ್ದಾಯಿತು. ಮೋಹಿನಕ್ಕ ಬಂದಿದ್ದಳು. ಸೀರೆ ಮೊಣಕಾಲಿನವರೆಗೆ ಒದ್ದೆ. ಶ್ರಾವ್ಯಳ ಅಮ್ಮ ಬ್ರಹ್ಮಾವರ ಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಅಪ್ಪ ಬೆಳಗ್ಗೆ ಐದಕ್ಕೇ ಕುಂದಾಪುರದ ಹೋಟೆಲಿಗೆ ಕೆಲಸಕ್ಕೆ ಹೊರಡುತ್ತಾನೆ. ಹಗಲೆಲ್ಲ ಕೌಶಲ್‌ನನ್ನು ನೋಡಿಕೊಳ್ಳುವವಳು ಮೋಹಿನಕ್ಕ.

"ಅಯ್ಯೋ ಮೋಹಿನಕ್ಕ, ಇವತ್ತ್ ರಜೆ ಅಂಬ್ರ್. ಫೋನ್ ಮಾಡುವ ಅನ್ನುದ್ರೊಳಗೆ ನೀವ್ ಬಂದೇ ಬಿಟ್ರಿ."

"ಹೌದಾ ಟೀಚ್ರೇ? ಅಡ್ಡಿಲ್ಲ, ಅಡ್ಡಿಲ್ಲ."

"ಚಾ ಕುಡ್ಕಂಡ್ ಹೋಯ್ನಿ."

"ಬ್ಯಾಡ. ಗದ್ದೆ ಅಂಚಲ್ಲಿ ನೀರ್ ಏರ್ತಾ ಇತ್ತ್. ಈಗ್ಳೇ ಹೋತೆ."

ಕೌಶಲ್ ಎರಡೂ ಕೈ ಚಾಚಿದ. ಮೋಹಿನಕ್ಕ ಅವನ ಕೆನ್ನೆ ಮುಟ್ಟಿ, ಒದ್ದೆ ಕೊಡೆಯನ್ನು ಮತ್ತೆ ಬಿಡಿಸಿಕೊಂಡು ಹೊರಟಳು. ಅವನು ಬಾಯಿ ದೊಡ್ಡದು ಮಾಡಿ ಅತ್ತ.

ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಅಡ್ಡಗೆರೆ ಎಳೆದಳು. ಮೋಹಿನಕ್ಕ ಬಾರದ ದಿನಕ್ಕೆ ಅಡ್ಡಗೆರೆ. ಆ ತಿಂಗಳಲ್ಲಿ ಇದು ಒಂಬತ್ತನೆಯದು.

ಮೋಹಿನಕ್ಕ ಬಂದಿದ್ದಳಲ್ಲ, ಎಂದು ಶ್ರಾವ್ಯಳಿಗೆ ಅನ್ನಿಸಿತು. ಆದರೆ ಟೀವಿಯಲ್ಲಿ ಕಾರ್ಟೂನ್ ಶುರುವಾಗಿತ್ತು.

ಮರುದಿನ ಶಾಲೆ ಇತ್ತು. ಬಿಸಿಯೂಟ ಮುಗಿಸಿದ ಐದನೇ ಕ್ಲಾಸಿನವರು ಜಗಲಿಯಲ್ಲಿ ನಿಂತು ಮೋಡ ನೋಡುತ್ತಿದ್ದರು.

"ನಾಳೆಯೂ ರೆಡ್ ಅಲರ್ಟ್ ಬರ್ಕ್ ಮಾರಾಯ," ಎಂದ ಸುಜಿತ್. "ಗಣಿತ ಟೆಸ್ಟ್ ಇತ್ತ್."

"ಬರ್ಕ್! ಬರ್ಕ್!" ಎಲ್ಲರೂ ಕೂಗಿದರು.

ದೀಕ್ಷಾ ಕೂಗಲಿಲ್ಲ. ಅವಳು ಮೋಹಿನಕ್ಕನ ಮಗಳು. ಶ್ರಾವ್ಯಳ ಬೆಂಚಿನಲ್ಲೇ ಕೂರುವವಳು.

"ನಿಂಗೆ ರಜೆ ಬ್ಯಾಡ್ದಾ?" ಶ್ರಾವ್ಯ ಕೇಳಿದಳು.

"ಬ್ಯಾಡ."

"ಎಂತಕೆ? ಟೆಸ್ಟಿಗೆ ಪೂರಾ ಓದಿದ್ಯಾ?"

"ಟೆಸ್ಟ್ ಅಲ್ಲ ಮಾರಾಯ್ತಿ. ರಜೆ ಅಂದ್ರೆ ಅಮ್ಮಂಗೆ ಆ ದಿನದ್ದ್ ದುಡ್ಡಿಲ್ಲ. ದಿನಕ್ಕೆ ಇನ್ನೂರೈವತ್ತ್. ಒಂಬತ್ತ್ ದಿನದ್ದ್ ಹೋಯ್ತ್."

ಶ್ರಾವ್ಯ ಮನಸ್ಸಿನಲ್ಲೇ ಗುಣಿಸತೊಡಗಿದಳು. ದೀಕ್ಷಾ ಕಾಯಲಿಲ್ಲ. "ಎರಡ್ ಸಾವಿರದ ಇನ್ನೂರೈವತ್ತ್," ಎಂದಳು. ಗಣಿತದಲ್ಲಿ ದೀಕ್ಷಾ ಅಷ್ಟೇನೂ ಚುರುಕಲ್ಲ. ಈ ಲೆಕ್ಕ ಮಾತ್ರ ಅವರ ಮನೆಯಲ್ಲಿ ಆಗಲೇ ಆಗಿತ್ತು.

ಆಮೇಲೆ ಅವಳು ಕಿವಿಯ ಹತ್ತಿರ ಬಂದಳು. "ಒಂದ್ನೇ ತಾರೀಕಿಂದ ಅಮ್ಮ ಗೇರುಬೀಜ ಫ್ಯಾಕ್ಟ್ರಿಗೆ ಹೋಪುದ್ ಅಂದ್ ಆಯ್ತ್. ಅಲ್ಲಿ ಮಳೆ ಬಂದ್ರೂ ಕೆಲ್ಸ ಇತ್ತ್. ನೀ ಯಾರಿಗೂ ಹೇಳ್ಬೇಡ. ಪ್ರಾಮಿಸ್?"

"ಪ್ರಾಮಿಸ್," ಎಂದಳು ಶ್ರಾವ್ಯ.

ಕೌಶಲ್‌ನನ್ನು ನೋಡಿಕೊಳ್ಳಲು ಮೋಹಿನಕ್ಕನಿಗಿಂತ ಮೊದಲು ಇಬ್ಬರು ಬಂದು ಹೋಗಿದ್ದರು. ಒಬ್ಬಳು ವಾರ ನಿಂತಳು, ಇನ್ನೊಬ್ಬಳು ನಾಲ್ಕೇ ದಿನ. ಆಗ ಅಮ್ಮ ಮೇಲಿಂದ ಮೇಲೆ ರಜೆ ಹಾಕಿದ್ದಕ್ಕೆ, ಇನ್ನು ಹೀಗಾದರೆ ಬೇರೆ ಟೀಚರನ್ನು ನೋಡಬೇಕಾಗುತ್ತದೆ ಎಂದು ಹೆಡ್‌ಮಾಸ್ಟರ್ ಹೇಳಿದ್ದರು. ಮೋಹಿನಕ್ಕ ಬಂದ ಮೇಲೆಯೇ ಕೌಶಲ್ ಹಗಲಲ್ಲಿ ನಿದ್ದೆ ಮಾಡಲು ಕಲಿತದ್ದು.

ಆ ಸಂಜೆ ಅಮ್ಮ ಒಣಗದ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ಶ್ರಾವ್ಯ ಹತ್ತಿರ ಬಂದು ನಿಂತಳು. ಫ್ಯಾಕ್ಟರಿಯ ಮಾತು ತುದಿನಾಲಗೆಗೆ ಬಂತು. ನುಂಗಿಕೊಂಡು ಬೇರೆ ಕೇಳಿದಳು.

"ಅಮ್ಮ, ಮಳೆ ರಜೆ ಬಂದ್ರೆ ನಿಂಗೆ ಸ್ಕೂಲಲ್ಲಿ ಸಂಬಳ ಕಟ್ ಮಾಡ್ತ್ರಾ?"

"ಎಂತಕೆ ಕಟ್ ಮಾಡುದ್? ರಜೆ ನಾನ್ ಹಾಕಿದ್ದಾ? ಮಳೆಗೆ ಕೊಟ್ಟದ್ದ್. ಮತ್ತೆ ಶನಿವಾರ ಇಡೀ ದಿನ ಪಾಠ ಮಾಡಿ ಸರಿ ಮಾಡ್ತೆ."

"ಹಾಂಗಾರೆ ಮೋಹಿನಕ್ಕ ಹಾಕಿದ್ದಾ?"

ಇಸ್ತ್ರಿ ಪೆಟ್ಟಿಗೆ ನಿಂತಿತು.

"ಬಂದ ದಿನದ್ದ್ ಕೊಟ್ರೆ ಸಾಕ್ ಅಂದದ್ದ್ ಅವ್ರೇ," ಎಂದಳು ಅಮ್ಮ. "ಎಷ್ಟ್ ಬೇಕ್ ಅಂದ್ ಕೇಂಡ್ರೆ 'ನೀವ್ ಕೊಟ್ಟಷ್ಟ್ ಕೊಡಿ' ಅಂತ್ರ್. ನಾನ್ ಮನೆಯವ್ರ್ ಅಂದ್ಕಂಡ್ ಕಾಯಿ ಕೊಡ್ತೆ, ಬಾಳೆಗೊನೆ ಕೊಡ್ತೆ. ಬ್ಯಾಸರ ಇದ್ರೆ ಬಾಯಿ ಬಿಟ್ಟ್ ಹೇಳುಕಾಗ್ದಾ?"

"ಅಮ್ಮ, ಇಸ್ತ್ರಿ ಪೆಟ್ಟಿಗೆ!"

ಅಮ್ಮ ಪಕ್ಕನೆ ಎತ್ತಿದಳು. ನೀಲಿ ಲಂಗದ ಅಂಚಿನಲ್ಲಿ ದೋಸೆಯ ಬಣ್ಣದ ಕಲೆ. ಬೈಗುಳ ಬೀಳುತ್ತದೆ ಎಂದು ಶ್ರಾವ್ಯ ಕಾದಳು. ಅಮ್ಮ ಬೈಯಲಿಲ್ಲ. ಕ್ಯಾಲೆಂಡರನ್ನು ನೋಡುತ್ತಿದ್ದಳು.

ಮರುದಿನ ಸಂಜೆ ಅಮ್ಮ ಶಾಲೆಯಿಂದ ಬಂದವಳೇ ಬ್ಯಾಗ್ ಇಟ್ಟು, "ಮೋಹಿನಕ್ಕ, ಸ್ವಲ್ಪ ಕೂಕಣಿ. ಶ್ರಾವ್ಯ, ತಮ್ಮನ್ನ್ ಹಿಡ್ಕೊ," ಎಂದಳು.

ಮೋಹಿನಕ್ಕ ಕುರ್ಚಿಯ ತುದಿಯಲ್ಲಿ ಕುಳಿತಳು.

"ದಿನದ ಲೆಕ್ಕ ಬ್ಯಾಡ, ತಿಂಗಳಿಗೆ ಇಷ್ಟ್ ಅಂದ್ ಮಾಡುವ. ಎಷ್ಟ್ ಬೇಕ್ ಹೇಳಿ."

"ನೀವ್ ಕೊಟ್ಟಷ್ಟ್..."

"ಆ ಮಾತ್ ಬ್ಯಾಡ. ನೀವ್ ಹೇಳುಕ್ ನಾಚ್ಕಂಡ್ರಿ. ನಾನ್ ಅದೇ ಲಾಯ್ಕಾಯ್ತ್ ಅಂದ್ ಸುಮ್ನಾದೆ. ಈಗ ಹೇಳಿ."

ಶ್ರಾವ್ಯಳಿಗೆ ಮುಂದಿನದು ಕೇಳಬೇಕಿತ್ತು. ಕೌಶಲ್ ಸೊಂಟದಿಂದ ಜಾರಿ ಅಂಗಳದ ನೀರಿನತ್ತ ಓಡಿದ. ಹಿಡಿದು ತಂದಳು. ಚಪ್ಪಲಿ ಬಾಯಿಗಿಟ್ಟ. ಎಳೆದುಕೊಂಡಳು. ಅತ್ತ. ಎತ್ತಿಕೊಂಡಳು. ಜಡೆ ಹಿಡಿದು ಜಗ್ಗಿದ.

"ಏಳ್ ಸಾವಿರ," ಎಂದು ಮೋಹಿನಕ್ಕ ಕೊನೆಗೂ ಹೇಳಿ, ನೆಲ ನೋಡಿದಳು.

"ನಂಗೆ ಬಪ್ಪುದೇ ಹದಿನೈದ್. ಏಳ್ ಕಷ್ಟ. ಆರೂವರೆ ಕೊಡ್ತೆ. ಮಳೆ ರಜೆ ಎಷ್ಟೇ ಬರ್ಲಿ, ಆರೂವರೆ. ಈ ತಿಂಗಳಿಂದ್ಲೇ."

ಮೋಹಿನಕ್ಕ ತಲೆ ಎತ್ತಿದಳು. "ಕೆಲ್ಸ ಇಲ್ಲದ ದಿನಕ್ಕೂ?"

"ನಂಗೆ ಕೊಡುದಿಲ್ಯಾ? ಹಾಂಗೇ."

ಮೋಹಿನಕ್ಕ ಸ್ವಲ್ಪ ಯೋಚಿಸಿದಳು. ಕುರ್ಚಿಯಲ್ಲಿ ಸರಿಯಾಗಿ ಹಿಂದಕ್ಕೆ ಕುಳಿತಳು.

"ಹಾಂಗಾರೆ ಶನಿವಾರ ಇಡೀ ದಿನ ಶಾಲೆ ಆದ್ರೂ ನಾನ್ ಇರ್ತೆ. ಆದ್ರೆ ಐದ್ ಗಂಟೆ ಅಂದ್ರೆ ಐದೇ. ನಿಮ್ಮ್ ಮೀಟಿಂಗ್ ಆರರವರೆಗೆ ಹೋದ್ರೆ ಅದ್ಕೆ ಬೇರೆ."

"ಗಂಟೆಗೆ ಐವತ್ತ್."

"ತಿಂಗಳಿಗೆ ಒಂದ್ ದಿನ ನಂಗೂ ರಜೆ ಬೇಕ್."

"ಹಿಂದಿನ ದಿನ ಹೇಳಿ ಹಾಕಿ."

"ಇನ್ನೊಂದ್ ಇತ್ತ್. ಕಾಯಿ ಕೊಡುದಾರೆ ಕೊಡಿ, ಬ್ಯಾಡ ಅಂತಿಲ್ಲ. ಆದ್ರೆ ಅದನ್ನ್ ಸಂಬಳದಲ್ಲಿ ಹಿಡಿಬೇಡಿ."

ಅಮ್ಮ ನಕ್ಕುಬಿಟ್ಟಳು. "ಇಷ್ಟ್ ದಿನ ಈ ಬಾಯಿ ಎಲ್ಲಿಟ್ಟಿದ್ರಿ?"

"ಗೇರುಬೀಜ ಫ್ಯಾಕ್ಟ್ರಿಯವ್ರಿಗೆ ಅಂದ್ ಇಟ್ಕಂಡಿದ್ದೆ ಕಾಣಿ," ಮೋಹಿನಕ್ಕನೂ ನಕ್ಕಳು. "ಒಂದ್ನೇ ತಾರೀಕಿಂದ ಬತ್ತೆ ಅಂದಿದ್ದೆ ಅಲ್ಲಿ. ನಾಳೆ ಹೋಯಿ, ಬತ್ತಿಲ್ಲ ಅಂದ್ ಹೇಳ್ತೆ."

ಅಮ್ಮನ ನಗು ನಿಂತಿತು. ಅವಳು ನಿಧಾನವಾಗಿ ಶ್ರಾವ್ಯಳ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

ಶ್ರಾವ್ಯ ಕೌಶಲ್‌ನ ಬಾಯಿಯಿಂದ ಮತ್ತೊಂದು ಚಪ್ಪಲಿ ಬಿಡಿಸುವುದರಲ್ಲಿದ್ದಳು.

"ತಾ ಮಗಾ," ಎಂದು ಮೋಹಿನಕ್ಕ ಅವನನ್ನು ಎತ್ತಿಕೊಂಡಳು. ಅವನು ತಕ್ಷಣ ಅವಳ ಹೆಗಲಿಗೆ ತಲೆಯಿಟ್ಟು ಸುಮ್ಮನಾದ. ಶ್ರಾವ್ಯಳ ಸೊಂಟ ನೋಯುತ್ತಿತ್ತು, ತೋಳೂ ನೋಯುತ್ತಿತ್ತು. ಗಡಿಯಾರ ನೋಡಿದಳು. ಬರೀ ಇಪ್ಪತ್ತು ನಿಮಿಷ ಆಗಿತ್ತು.

ಆಗಸ್ಟ್ ಮೊದಲ ವಾರ ಮತ್ತೆ ಮಳೆ ಹಿಡಿಯಿತು. ಒಂದು ಬೆಳಗ್ಗೆ ಏಳು ಗಂಟೆಗೆ ಮೊಬೈಲ್ ಟಿಣ್ ಎಂದಿತು. ರಜೆ! ಶ್ರಾವ್ಯ ಮಂಚಕ್ಕೆ ಒಂದು ಕಾಲಿಟ್ಟವಳು ಹಾಗೇ ನಿಂತಳು. ಕಾಲು ಕೆಳಗಿಳಿಸಿ ಮೊದಲು ಫೋನ್ ಮಾಡಿದಳು.

"ಮೋಹಿನಕ್ಕ, ಇವತ್ತ್ ರಜೆ. ಹೊರಡ್ಬೇಡಿ."

"ಆಯ್ತ್ ಮಗಾ. ಒಳ್ಳೇದಾಯ್ತ್, ಕೊಡೆ ಈಗಷ್ಟೇ ತೆಗ್ದಿದ್ದೆ."

ಹಿಂದಿನಿಂದ ದೀಕ್ಷಾಳ ನಿದ್ದೆಗಣ್ಣಿನ ದನಿ ಕೇಳಿಸಿತು. "ಎಂತ ಅಮ್ಮ? ರಜೆಯಾ?"

ಆಮೇಲೆ ಒಂದು ಕೂಗು. ಶ್ರಾವ್ಯ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಧಡ್, ಧಡ್, ಧಡ್ ಎಂದು ಯಾವುದೋ ಮರದ ಸಾಮಾನಿನ ಮೇಲೆ ಹಾರುವ ಸದ್ದು.

"ಬೆಂಚ್ ಮುರಿತ್ ಕಾಣ್!" ಆ ಕಡೆ ಮೋಹಿನಕ್ಕ ಕೂಗುತ್ತಿದ್ದಳು.

ಶ್ರಾವ್ಯ ಅದನ್ನು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟಳು. ಆಮೇಲೆ ಮಂಚ ಹತ್ತಿದಳು.