ಕೋಳಿ ಕೂಗದ ಹಟ್ಟಿ

ಟ್ರಂಕಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ತೆಗೆದು ನೋಡಿದರೆ ಒಳಗೆ ಬರೀ ಹತ್ತಿ.

ಸ್ವಪ್ನ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳು ಮೈಸೂರಿನಿಂದ ಬಂದ ಸಂಶೋಧಕಿ. ಬ್ರಹ್ಮಗಿರಿಯ ತಪ್ಪಲಿನ ಈ ಹಟ್ಟಿಯಲ್ಲಿ ಮೂಗಮ್ಮನ ಮನೆಯ ಒಂದು ಕೋಣೆ ಹಿಡಿದು, ಎರಡು ಬೇಸಿಗೆ ಹಳ್ಳದ ದಂಡೆ ಅಗೆಸಿದ್ದಳು. ಸಿಕ್ಕಿದ್ದು ಹಂಚಿನಂಥ ಚಿಪ್ಪಿನ ಚೂರುಗಳು. ಅವನ್ನು ಅಂಟಿಸಿ ಅಂಟಿಸಿ ಮೊನ್ನೆಯಷ್ಟೇ ಪೂರ್ತಿ ಆಕಾರಕ್ಕೆ ತಂದಿದ್ದಳು. ಈಗ ಅದೇ ಇಲ್ಲ.

ಮೊಳಕಾಲ್ಮುರು ಠಾಣೆಯ ಎಸ್ಸೈ ಬಾಲರಾಜ್‌ಗೆ ಒಳಗೊಳಗೇ ಖುಷಿ. ಕೆಲಸಕ್ಕೆ ಸೇರಿದಾಗಿನಿಂದ ಕುರಿ ಕಳ್ಳತನ, ಬದುವಿನ ಜಗಳ ಬಿಟ್ಟರೆ ಬೇರೆ ಕಂಡವನಲ್ಲ. ಚಳ್ಳಕೆರೆ ಪೇಟೆಯ ಹುಡುಗ, ಹೆಸರು ಮಾಡುವ ಆಸೆ ಬೆಟ್ಟದಷ್ಟಿತ್ತು.

"ಏನದು ಮೇಡಂ, ಸರಿಯಾಗಿ ಹೇಳಿ."

ಸ್ವಪ್ನ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಮೊಟ್ಟೆ ಸರ್. ಉಷ್ಟ್ರಪಕ್ಷಿಯಂಥ ದೊಡ್ಡ ಹಕ್ಕಿಯದು. ಹಾರೋಕೆ ಬರದ ಹಕ್ಕಿ. ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋಯ್ತು."

ಪಾಪ, ದುಃಖಕ್ಕೆ ಗಂಟಲು ಕಟ್ಟಿದೆ ಎಂದುಕೊಂಡ ಬಾಲರಾಜ್. ಕೋಣೆಯನ್ನು ಕಣ್ಣಲ್ಲೇ ಜಾಲಾಡಿದ. ಬೆಲೆಬಾಳುವ ಕ್ಯಾಮೆರಾ ಗೂಡಿನಲ್ಲೇ ಇತ್ತು. ಬೀಗದ ಕೈ ನಡುಮನೆಯ ಮೊಳೆಯಲ್ಲಿ ತೂಗುತ್ತಿತ್ತು. ನೆಲ ಆಗಷ್ಟೇ ಸಾರಿಸಿದ್ದು. ಸಗಣಿ, ಗಂಜಲದ ವಾಸನೆ ಮೂಗಿಗೆ ಹೊಡೆಯಿತು. ಮೂಲೆಯಲ್ಲಿ ಹೊಚ್ಚ ಹೊಸ ಪೊರಕೆ, ಹೊಚ್ಚ ಹೊಸ ಮೊರ. ಎಲ್ಲವನ್ನೂ ನೋಡಿದ, ಯಾವುದನ್ನೂ ಕಾಣಲಿಲ್ಲ.

* * *

ಮೊದಲು ಅನುಮಾನಕ್ಕೆ ಸಿಕ್ಕಿದವನು ಸ್ವಪ್ನಳ ಸಹಾಯಕ ಪ್ರದೀಪ್. ಲೇಖನದಲ್ಲಿ ತನ್ನ ಹೆಸರು ಸೇರಿಸಲಿಲ್ಲವೆಂದು ಹಿಂದಿನ ವಾರ ಜಗಳವಾಡಿದ್ದನಂತೆ. ಅವನ ಚೀಲ ಕೊಡವಿದರೆ ಬಿದ್ದದ್ದು ಎರಡು ಕೊಳೆ ಅಂಗಿ. ಮೇಲಾಗಿ ಎರಡು ದಿನದಿಂದ ಅವನು ಚಿತ್ರದುರ್ಗದಲ್ಲಿದ್ದ.

ಉಳಿದವನು ಮುದ್ದಪ್ಪ. ಹಳ್ಳ ಅಗೆದವನು, ಚೂರು ಹೆಕ್ಕಿ ಕೊಟ್ಟವನು, ಬೀಗದ ಕೈ ಎಲ್ಲಿರುತ್ತದೆಂದು ಬಲ್ಲವನು. ಬೆಳಗಿನ ಜಾವ ಹಳ್ಳದ ಕಡೆ ಹೋದದ್ದನ್ನು ಕಂಡವರಿದ್ದರು. ಸ್ನಾನಕ್ಕೆ ಹೋಗಿದ್ದೆ, ಆ ಹಳೇ ಕಲ್ಲು ನನಗ್ಯಾಕೆ ಎಂದ. ಬಾಲರಾಜ್ ನಂಬಲಿಲ್ಲ. ಎಲ್ಲರ ಎದುರಿಗೇ ಕೆನ್ನೆಗೊಂದು ಬಿಟ್ಟು ಜೀಪು ಹತ್ತಿಸಿದ.

ಮುದ್ದಪ್ಪ ಅಳಲಿಲ್ಲ. "ನಾನು ಹಟ್ಟಿ ಪೂಜಾರಿ ಸಾರ್. ಬರೋ ಸೋಮವಾರ ದೇವ್ರ ಪೆಟ್ಟಿಗೆ ಹೊರ್ಬೇಕು. ಕಳ್ಳ ಅನ್ನಿಸ್ಕೊಂಡೋನು ಮುಟ್ಟಂಗಿಲ್ಲ," ಎಂದಷ್ಟೇ ಹೇಳಿದ.

* * *

ಮರುದಿನ ಮತ್ತೆ ಹಟ್ಟಿಗೆ ಹೊರಟಾಗ ಬಾಲರಾಜ್‌ಗೆ ಹೊಟ್ಟೆ ಚುರುಗುಟ್ಟಿತು. ಹಟ್ಟಿಯ ಬಾಯಿಯ ಟೀ ಅಂಗಡಿಯಲ್ಲಿ ಆಮ್ಲೆಟ್ ಹೇಳು ಎಂದ. ಜೀಪು ಓಡಿಸುತ್ತಿದ್ದ ಪೇದೆ ತಿಪ್ಪೇರುದ್ರಪ್ಪ ಗಾಬರಿಯಾದ.

"ಇಲ್ಲಿ ಬಾಯಿ ಬಿಡ್ಬೇಡಿ ಸಾರ್. ಮ್ಯಾಸ ನಾಯಕರ ಹಟ್ಟಿ ಇದು. ಕೋಳಿ ಸಾಕಲ್ಲ, ತಿನ್ನಲ್ಲ. ಮೊಟ್ಟೆ ಅಂತೂ ಮನೆ ಒಳಗೇ ಬರಂಗಿಲ್ಲ. ಇಲ್ಲಿ ಕೋಳಿ ಕೂಗಿದ್ದು ಕೇಳಿದೀರಾ?"

ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಎಂದೂ ತಲೆಗೆ ಹಾಕಿಕೊಂಡಿರಲಿಲ್ಲ, ಅಷ್ಟೇ. ಈಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಬಾಲರಾಜ್ ತೊಡೆ ತಟ್ಟಿ ನಕ್ಕ.

* * *

ಮುದ್ದಪ್ಪನನ್ನು ಕರೆತರಿಸಿ ಕಟ್ಟೆಯ ಮುಂದೆ ನಿಲ್ಲಿಸಿದ್ದಾಯಿತು. ಇಡೀ ಹಟ್ಟಿ ಸೇರಿತು. ಮುದುಕಿ ಮೂಗಮ್ಮ ಗುಂಪು ಸೀಳಿಕೊಂಡು ಬಂದು ಬಾಲರಾಜ್‌ನ ತೋಳು ಹಿಡಿದಳು.

"ಸಾಮಿ, ಒಂದ್ಮಾತೈತೆ. ಅತ್ಲಾಗೆ ಬಾ."

"ಏನಿದ್ರೂ ಎಲ್ಲರ ಎದುರಿಗೇ ಹೇಳಜ್ಜಿ," ಎಂದು ತೋಳು ಬಿಡಿಸಿಕೊಂಡ ಮಹರಾಯ. ಕಟ್ಟೆ ಹತ್ತಿ ನಿಂತ. ಇಂಥ ಗಳಿಗೆಗಾಗಿಯೇ ಅಲ್ಲವೇ ಅವನು ಖಾಕಿ ತೊಟ್ಟದ್ದು!

ಹೊರಗಿನ ಕಳ್ಳನಾಗಿದ್ದರೆ ಕ್ಯಾಮೆರಾ ಬಿಡುತ್ತಿರಲಿಲ್ಲ ಎಂದ. ಬೀಗದ ಕೈ ಮತ್ತೆ ಮೊಳೆಗೆ ಸೇರಿತ್ತೆಂದರೆ ಮನೆಯವರದೇ ಕೆಲಸ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಅದೊಂದೇ ಕೋಣೆಗೆ ಗಂಜಲ ಯಾಕೆ? ಮೈಲಿಗೆ ಕಳೆಯೋಕೆ. ಹಳೇ ಪೊರಕೆ, ಮೊರ ಎಲ್ಲಿ? ಕೈಯಲ್ಲಿ ಮುಟ್ಟಬಾರದ್ದನ್ನು ಗುಡಿಸಿ ಮೊರಕ್ಕೆ ತುಂಬಿಕೊಂಡು, ಮೊರದ ಸಮೇತ ಹಟ್ಟಿಯಾಚೆ ಹಾಕಿದ್ದಾರೆ. ಮುಟ್ಟಬಾರದ್ದು ಏನು? ಬರೀ ಚೂರಾಗಿದ್ದಾಗ ಅದು ಯಾರಿಗೂ ತಿಳಿಯಲಿಲ್ಲ. ಮೇಡಂ ಅಂಟಿಸಿ ನಿಲ್ಲಿಸಿದ ಮೇಲೆ, ಕಸ ಗುಡಿಸಲು ಬಂದ ಮೂಗಮ್ಮನಿಗೆ ನೋಡಿದೊಡನೆ ತಿಳಿಯಿತು.

"ಅದು ಕಲ್ಲಲ್ಲ," ಎಂದು ದನಿಯೇರಿಸಿದ. "ಮೊಟ್ಟೆ!"

ಅಷ್ಟರಲ್ಲಿ ತಿಪ್ಪೇರುದ್ರಪ್ಪ ಬೇಲಿಯಾಚೆಯ ಜಾಲಿ ಮುಳ್ಳಿನ ಕೆಳಗಿಂದ ಹಳೇ ಮೊರ ಎತ್ತಿ ತಂದ. ಚಿಪ್ಪು ಒಡೆದಿತ್ತು, ಆದರೆ ಚೂರೆಲ್ಲ ಇದ್ದವು. ಬಾಲರಾಜ್ ಗೆದ್ದವನಂತೆ ಸುತ್ತ ನೋಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಮುದ್ದಪ್ಪನ ಕೈಗಳ ಮೇಲಿತ್ತು.

ಆಗ ಮೂಗಮ್ಮ ಬಾಯಿ ಬಿಟ್ಟಳು. "ಕದ್ದೋಳು ನಾನೇ ಅಂತ ಹೇಳಾಕೇ ಬಂದಿದ್ದೆ ಕಣಪ್ಪ. ಯಾಕೆ ಅಂತ ಮಾತ್ರ ನಿನ್ನ ಕಿವೀಲಿ ಹೇಳ್ತಿದ್ದೆ. ಎರಡು ಬ್ಯಾಸಿಗೆ ತಾನು ಮುಟ್ಟಿದ್ದು ಮೊಟ್ಟೆ ಅಂತ ಈ ಪೂಜಾರಿಗೆ ತಿಳೀಬಾರದಿತ್ತು."

ಬಾಲರಾಜ್ ಕಟ್ಟೆಯಿಂದ ಇಳಿದ. ನಾಚಿಕೆಯಿಂದ ಕಿವಿ ಕಾದಿತ್ತು.

ಮುದ್ದಪ್ಪ ಸ್ವಪ್ನಳ ಕಡೆ ತಿರುಗಿದ. "ಹಳೇ ಕಾಲದ ಕಲ್ಲು ಅಂದಿದ್ರಲ್ಲ ಮೇಡಮ್ಮೋರೆ?"

ಅವಳು ತಲೆಯೆತ್ತಲಿಲ್ಲ. "ನಿಜ ಹೇಳಿದ್ರೆ ಮನೆ ಕೊಡ್ತಿರಲಿಲ್ಲ, ನೀವ್ಯಾರೂ ಕೆಲಸಕ್ಕೆ ಬರ್ತಿರಲಿಲ್ಲ. ಗೊತ್ತಿದ್ದೇ ಸುಳ್ಳು ಹೇಳಿದೆ," ಎಂದಳು. ಕೇಸು ಬೇಡವೆಂದಳು. ಚೂರುಗಳಿದ್ದ ಮೊರ ಅವಳ ಕಾಲ ಬಳಿಯೇ ಇತ್ತು. ಬಗ್ಗಿ ಎತ್ತಿಕೊಳ್ಳಲು ಅವಳಿಗೂ ಮುಖವಿರಲಿಲ್ಲ.

ಬಾಲರಾಜ್ ಮುದ್ದಪ್ಪನ ಬಳಿ ಹೋದ. ತಪ್ಪಾಯ್ತು ಎನ್ನಲು ನಾಲಿಗೆ ಹೊರಳಲಿಲ್ಲ. "ನೀನು ಕಳ್ಳ ಅಲ್ಲ ಅಂತ ಎಲ್ರಿಗೂ ಗೊತ್ತಾಯ್ತಲ್ಲ, ಮುದ್ದಪ್ಪ," ಎಂದ.

ಮುದ್ದಪ್ಪ ತನ್ನ ಎರಡೂ ಅಂಗೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದ.

"ಕಳ್ಳ ಅಂತ್ಲೇ ಬಿಟ್ಟಿದ್ರೆ ದಂಡ ಕಟ್ಟಿ ಮತ್ತೆ ಪೆಟ್ಟಿಗೆ ಹೊರ್ತಿದ್ದೆ ಸಾರ್. ಇದನ್ನ ಎಲ್ಲಿ ತೊಳ್ಕಳ್ಳಿ?"

ಬಾಲರಾಜ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಜೀಪಿನವರೆಗೆ ನಡೆಯುವಾಗ ಹಟ್ಟಿಯ ಒಬ್ಬರ ಮುಖವನ್ನೂ ನೋಡಲಿಲ್ಲ.