ಹೆಸರಿಗೊಂದು ಗುಟುಕು ನೀರು

ರೋಡೆಲ್ ಬೈದಿದ್ದರೆ ಆಲ್ವೆಸ್ಟರ್ ತಡೆದುಕೊಳ್ಳುತ್ತಿದ್ದ. ಅವನು ಬೈಯಲಿಲ್ಲ. ವ್ಯಾನಿನ ಸೀಟಿನ ಕೆಳಗೆ ಆಲ್ವೆಸ್ಟರ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪಿಸ್ತೂಲನ್ನು ಒಂದು ಸಲ ಮುಟ್ಟಿ ನೋಡಿ, ಬಟ್ಟೆಯನ್ನು ಮತ್ತೆ ಮುಚ್ಚಿದ.

"ಶನಿವಾರದವರೆಗೂ ಟೈಮ್ ಕೊಡ್ತೀನಿ ಕಣೋ ವೆಸ್," ಎಂದ ಕೊನೆಗೆ. "ನೀನೇ ಹೋಗಿ ಅಮ್ಮನ ಹತ್ರ ಹೇಳು. ಇಲ್ಲಾಂದ್ರೆ ನಾನ್ ಹೇಳ್ತೀನಿ."

"ಹೇಳಿದ್ರೆ ನನ್ ಗತಿ ಏನಾಗುತ್ತೆ ಅಂತ ಗೊತ್ತಲ್ವಾ ನಿಂಗೆ?"

"ಗೊತ್ತು. ಅದಕ್ಕೇ ಟೈಮ್ ಕೊಟ್ಟಿದ್ದು."

ರೋಡೆಲ್‌ನ ತಾಯಿ ಈಸ್ಟ್ ಓಕ್‌ಲ್ಯಾಂಡ್ ಬಡಾವಣೆಗೆಲ್ಲ ಮದರ್ ಒಡೆಸ್ಸಾ. ಹಿರಿಯ ಮಗ ಪೊಲೀಸರ ಗುಂಡಿಗೆ ಬಲಿಯಾದ ಮೇಲೆ ಅವರು ಕ್ಷೌರದಂಗಡಿಯವರನ್ನೂ ಚರ್ಚಿನ ಹೆಂಗಸರನ್ನೂ ಬಸ್ ಓಡಿಸುವವರನ್ನೂ ಹಿಡಿದು ನೆರೆಹೊರೆ ನಿಧಿ ಕಟ್ಟಿದ್ದರು. ಮಕ್ಕಳನ್ನು ಕಳೆದುಕೊಂಡವರು ಶನಿವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಸುತ್ತ ಕೂತು ಅತ್ತು ಹಗುರಾಗುವುದು ಆ ನಿಧಿಯಿಂದ. ಆಲ್ವೆಸ್ಟರ್, ರೋಡೆಲ್ ಇಬ್ಬರೂ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಪೊಲೀಸರು ಬರುವ ಮೊದಲೇ ಬೀದಿ ಜಗಳ ಬಿಡಿಸುತ್ತಿದ್ದದ್ದೂ ಆ ನಿಧಿಯಿಂದಲೇ. ಇರುವುದು ಒಂದೇ ಕಟ್ಟಳೆ: ಬರಿಗೈಯಲ್ಲಿ ಹೋಗಬೇಕು.

ಆಲ್ವೆಸ್ಟರ್ ಪಿಸ್ತೂಲು ಇಟ್ಟುಕೊಂಡದ್ದು ಪುಕ್ಕಲುತನದಿಂದ. ತಾನೇ ಬಿಡಿಸಿದ ಜಗಳದ ಹುಡುಗರು ತನ್ನನ್ನೇ ಮುಗಿಸುತ್ತೇವೆಂದಿದ್ದರು. ಒಂದು ಸಲವೂ ಹಾರಿಸಿರಲಿಲ್ಲ. ಆದರೆ ಹನ್ನೊಂದು ವರ್ಷ ಜೈಲಿನಲ್ಲಿದ್ದು ಷರತ್ತಿನ ಮೇಲೆ ಹೊರಗೆ ಬಂದವನ ಹತ್ತಿರ ಅದು ಸಿಕ್ಕರೆ ಮತ್ತೆ ಒಳಗೇ. ಮದರ್ ಒಡೆಸ್ಸಾ ಕೆಲಸದಿಂದ ತೆಗೆದರೆ ಜೈಲಿನವರು ಕಾರಣ ಕೇಳದೆ ಬಿಡುವುದಿಲ್ಲ. ಮಗಳು ಶಾಂಟ್ರೆಲ್ ಈ ವಸಂತದಲ್ಲಷ್ಟೇ ಮನಸ್ಸು ಕರಗಿ, ಭಾನುವಾರ ಮೊಮ್ಮಗಳನ್ನು ಕೆರೆಯ ಬಾತು ತೋರಿಸಲು ಅವನ ಜೊತೆ ಕಳಿಸುತ್ತಿದ್ದಳು. ಆ ಪುಟ್ಟ ಕೈ ತಪ್ಪಿಹೋದರೆ ತಾನು ಬದುಕುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಹಾಗಾಗಿ ಯೋಚಿಸಿದ. ಯೋಚಿಸಲು ಕೂತರೆ ಆಲ್ವೆಸ್ಟರ್ ದಡ್ಡನಲ್ಲ.

ರೋಡೆಲ್‌ಗೆ ಈಜು ಬಾರದು. ರೋಡೆಲ್ ಹಿಂದೆ ಎರಡು ಸಲ ಹೇಳದೆ ಕೇಳದೆ ಲೂಯಿಸಿಯಾನಾದ ಶ್ರೀವ್‌ಪೋರ್ಟಿನ ಸೋದರಮಾವನ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದವನು. ಆ ಮಾವನಿಗೂ ಮದರ್ ಒಡೆಸ್ಸಾಗೂ ಹತ್ತು ವರ್ಷದಿಂದ ಮಾತಿಲ್ಲ. ಇನ್ನು ಪೊಲೀಸರು. ನಲವತ್ತಾರು ದಾಟಿದ, ರೋಡೆಲ್‌ನ ಹಾಗೆ ಜೈಲು ಕಂಡ ಕಪ್ಪು ಗಂಡಸು ಕಾಣೆಯಾದರೆ ಅವರಲ್ಲಿ ಯಾರೂ ಅರ್ಧ ಊಟದಿಂದ ಎದ್ದು ಬರುವುದಿಲ್ಲ. ಈ ಅನ್ಯಾಯದ ವಿರುದ್ಧ ವರ್ಷವಿಡೀ ಮೆರವಣಿಗೆಯಲ್ಲಿ ಗಂಟಲು ಹರಿದುಕೊಂಡಿದ್ದ ಆಲ್ವೆಸ್ಟರ್, ಈಗ ಅದನ್ನೇ ನಂಬಿ ಹೊರಟ.

ಗುರುವಾರ ಮಧ್ಯಾಹ್ನ ಊರಾಚೆಯ ನದಿಗೆ ಮೀನು ಹಿಡಿಯಲು ಕರೆದ. ರೋಡೆಲ್ ಖುಷಿಯಾಗಿಯೇ ಬಂದ. ಶನಿವಾರದ ಮಾತು ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ತಾನೇ ಹೇಳಿಕೊಟ್ಟ. ಜೊಂಡಿನ ಮರೆಯಲ್ಲಿ, ಬೇರೆ ದೋಣಿಯೇ ಇಲ್ಲದ ಕಡೆ, ಅವನಿಗೆ ಲಂಗರಿನ ಸರಪಳಿ ಸುತ್ತಿ ನೀರಿಗೆ ತಳ್ಳಲು ಒಂದು ನಿಮಿಷ ಸಾಕಾಯಿತು. "ವೆಸ್" ಎಂದು ರೋಡೆಲ್ ಒಂದೇ ಸಲ ಕರೆದ. ಹಿಂದೆಯೇ ಪಿಸ್ತೂಲನ್ನೂ ನೀರಿಗೆಸೆದಾಗ ಆಲ್ವೆಸ್ಟರ್‌ಗೆ ಹೊಳೆಯಿತು: ಇದನ್ನು ಸೋಮವಾರ, ಅವನ ಕಣ್ಣಿಗೆ ಬಿದ್ದ ದಿನವೇ ಎಸೆದು ಕಾಲು ಹಿಡಿದಿದ್ದರೆ ರೋಡೆಲ್ ಬಿಟ್ಟುಬಿಡುತ್ತಿರಲಿಲ್ಲವೆ? ಬಿಡುತ್ತಿದ್ದ. ಆಲ್ವೆಸ್ಟರ್ ದೋಣಿಯನ್ನು ದಡದ ಕಡೆ ತಿರುಗಿಸಿದ.

ಆಮೇಲೆ ಕೆಲಸ ಅಚ್ಚುಕಟ್ಟಾಗಿ ನಡೆಯಿತು. ತನ್ನ ಹತ್ತಿರವಿದ್ದ ಕೀಲಿಯಿಂದ ರೋಡೆಲ್‌ನ ಕೋಣೆ ತೆಗೆದು ಚೀಲ, ಬೈಬಲ್, ಹಲ್ಲುಜ್ಜುವ ಬ್ರಷ್ ಕೂಡ ತೆಗೆದುಕೊಂಡ. ಬ್ರಷ್ ಬಿಟ್ಟು ಊರಿಗೆ ಹೋಗುವವರುಂಟೆ? ರೋಡೆಲ್ ವ್ಯಾನಿನಲ್ಲೇ ಬಿಟ್ಟಿದ್ದ ಫೋನಿನಿಂದ "ತಲೆ ಕೆಟ್ಟಿದೆ ಅಮ್ಮ, ಮಾವನ ಹತ್ರ ಇದ್ದು ಬರ್ತೀನಿ" ಎಂದು ಬರೆದು, ಆ ಫೋನನ್ನು ಲೂಯಿಸಿಯಾನಾ ಕಡೆಯ ಲಾರಿಯೊಂದರ ಟಾರ್ಪಾಲಿನೊಳಗೆ ತುರುಕಿದ.

"ಮೂರನೇ ಸಲ ಕಣಪ್ಪ ಅವನು ಹಿಂಗ್ ಮಾಡೋದು," ಎಂದರು ಮದರ್ ಒಡೆಸ್ಸಾ, ಅವನ ತಟ್ಟೆಗೆ ಕರಿದ ಮೀನು ಹಾಕುತ್ತ. "ಬರ್ಲಿ, ವಯಸ್ಸಾದ್ರೇನು, ಕಿವಿ ಹಿಂಡ್ತೀನಿ. ತಿನ್ನು ಮಗಾ, ಸೊರಗಿ ಹೋಗಿದೀಯ."

ಆಲ್ವೆಸ್ಟರ್ ತಿಂದ. ಮುಳ್ಳು ಬಿಡಿಸಿ, ತಟ್ಟೆ ಖಾಲಿ ಮಾಡಿದ.

ಆರು ವಾರ ಕಳೆಯಿತು. ಯಾರೂ ಏನೂ ಕೇಳಲಿಲ್ಲ. ಯಾರಾದರೂ ಕೇಳಿದರೆ ಹೇಳಬೇಕಾದ ಒಂದೊಂದು ಮಾತನ್ನೂ ಅವನು ಬಾಯಿಪಾಠ ಮಾಡಿಟ್ಟಿದ್ದ. ಭಾನುವಾರ ಕೆರೆಯ ದಂಡೆಯಲ್ಲಿ ಮೊಮ್ಮಗಳು ನೀರಿಗೆ ಬ್ರೆಡ್ ಎಸೆಯುವಾಗ ಮಾತ್ರ ಮುಖ ತಿರುಗಿಸಿಕೊಳ್ಳುತ್ತಿದ್ದ. ಅಳು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು.

ಏಳನೇ ಶನಿವಾರ, ಚರ್ಚಿನ ಹಿಂದಿನ ಕೋಣೆಯಲ್ಲಿ, ಮದರ್ ಒಡೆಸ್ಸಾರ ಬೆರಳುಗಳು ಕೀಲುನೋವಿನಿಂದ ಊದಿಕೊಂಡಿದ್ದವು. "ಇವತ್ತು ನೀರು ನೀನೇ ಬಿಡು ಮಗಾ," ಎಂದು ಹೂಜಿಯನ್ನು ಅವನ ಕೈಗೆ ಕೊಟ್ಟರು. "ಒಳಗಿರೋದನ್ನೆಲ್ಲ ಬಿಟ್ಟುಬಿಡು. ಇಟ್ಕೊಂಡ್ರೆ ಹುಣ್ಣಾಗುತ್ತೆ."

ನಡುವೆ ಗಿಡದ ಕುಂಡ. ಸುತ್ತ ಕೂತವರು ಒಬ್ಬೊಬ್ಬರೇ ತಮ್ಮವರ ಹೆಸರು ಕರೆದರು. ಆಲ್ವೆಸ್ಟರ್ ಕುಂಡಕ್ಕೆ ಹೆಸರಿಗೊಂದು ಗುಟುಕು ನೀರು ಬಿಟ್ಟ ಕೂಡಲೇ ಎಲ್ಲರೂ "ಆಶೇ" ಎಂದರು, ಹಾಗೇ ಆಗಲಿ ಎಂದು. ಕೊನೆಗೆ ನೀರು ಬಿಡುವವನ ಸರದಿ. ಆಲ್ವೆಸ್ಟರ್ ತನ್ನ ತಾಯಿಯ ಹೆಸರು ಕರೆದ. ಆಶೇ. ಜೈಲಿನಲ್ಲಿ ಇರಿತಕ್ಕೆ ಸಿಕ್ಕಿ ಸತ್ತ ಗೆಳೆಯನ ಹೆಸರು ಕರೆದ. ಆಶೇ. ಕಲ್ಲು ಕರಗಿ ಕಣ್ಣಿಗೆ ಬಂತು, ಕೈ ತಾನಾಗಿ ಬಾಗಿತು, "ರೋಡೆಲ್," ಎಂದ. ನೀರು ಬಿತ್ತು. ಆರು ವಾರದಲ್ಲಿ ಮೊದಲ ಸಲ ಎದೆ ಹಗುರಾಯಿತು. ಕಣ್ಣು ಮುಚ್ಚಿ "ಆಶೇ"ಗಾಗಿ ಕಾದ. ಯಾರೂ ಅನ್ನಲಿಲ್ಲ. ಊರಿಗೆ ಹೋದವರಿಗೆ, ಜೈಲಿಗೆ ಹೋದವರಿಗೆ ಆ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಾರೆ. ನೀರು ಬಿಡುವುದು ಸತ್ತವರಿಗೆ ಮಾತ್ರ. ಆಲ್ವೆಸ್ಟರ್ ಕಣ್ಣು ತೆರೆಯುವ ಹೊತ್ತಿಗೆ ಮದರ್ ಒಡೆಸ್ಸಾ ಎದ್ದು ಬಂದು, ಆ ಊದಿದ ಬೆರಳುಗಳಿಂದಲೇ ಅವನ ಕೈಯ ಹೂಜಿ ತೆಗೆದುಕೊಂಡಿದ್ದರು. "ಎಲ್ಲಿ ಹಾಕಿದೀಯಪ್ಪ," ಎಂದರು ಮೆಲ್ಲಗೆ, "ನನ್ ಮಗನ್ನ?"