ಕೆಂಚನ ಕಾಲು

ಇದು ನಡೆದದ್ದು ಹಾಡುಹಗಲಲ್ಲಿ, ಬಸವಾಪಟ್ಟಣದ ನಮ್ಮ ಮನೆಯ ಬಾಗಿಲಲ್ಲಿ.

ಕೆಂಚ ಜಪಾನಿನ ಶಿಬಾ ತಳಿಯ ನಾಯಿ. ನರಿಯಷ್ಟೇ ಗಾತ್ರ, ಆದರೆ ಕರೆದರೆ ತಿರುಗಿಯೂ ನೋಡದಷ್ಟು ಗರ್ವ. ಮೈಮುಟ್ಟಲು ಬಿಡುತ್ತಿದ್ದುದು ನಮ್ಮ ಯಜಮಾನರಿಗೆ ಮಾತ್ರ. ಗದ್ದೆಯಿಂದ ಬಂದ ಕೂಡಲೇ ಅವರು ಹೊಸ್ತಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು, ಬಿಸಿನೀರಲ್ಲಿ ಟವೆಲ್ ಹಿಂಡಿ ಅದರ ನಾಲ್ಕೂ ಕಾಲು ಒರೆಸುತ್ತಿದ್ದರು. ಅದೇ ಗದ್ದೆಯಲ್ಲಿ ನಾಟಿ ಮಾಡಿ ಬಂದ ನನ್ನ ಕಾಲನ್ನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿದವರಲ್ಲ.

ಅವರು ತೀರಿಕೊಂಡ ಹದಿನೈದನೇ ದಿನ ಮಧ್ಯಾಹ್ನ ಕೆಂಚ ತಾನೊಂದೇ ಗದ್ದೆಗೆ ಹೋಗಿ ಬಂತು. ಅಂಗಳದ ತುಂಬ ಅದರ ಕೆಸರು ಹೆಜ್ಜೆ. ಹೊಸ್ತಿಲ ಒಳಗೆ ಒಂದೂ ಇಲ್ಲ. ಅವರು ಹೋದಾಗಿನಿಂದ ಗೂಟದಲ್ಲಿ ಒಣಗಿ ಬಿರುಸಾಗಿದ್ದ ಟವೆಲ್ ಮುಟ್ಟಿ ನೋಡಿದೆ. ಒದ್ದೆಯಾಗಿತ್ತು, ಬಿಸಿಯೂ ಇತ್ತು. ಅಂದು ನಾನು ಒಲೆಯನ್ನೇ ಹಚ್ಚಿರಲಿಲ್ಲ.

"ಅದೇ ನೆಕ್ಕೊಂಡಿರ್ತೈತೆ ಬಿಡ್ರೀ ರುದ್ರಕ್ಕಾ," ಎಂದಳು ಪಕ್ಕದ ಮನೆಯ ಶಿವಲೀಲಾ.

"ಟವೆಲ್ಲೂ ಅದೇ ಹಿಂಡಿ ಹಾಕೈತೇನು?" ಎಂದೆ. ಅವಳು ಮತ್ತೆ ನಮ್ಮನೆಗೆ ಬಂದಿಲ್ಲ.

ಆಮೇಲೆ ದಿನವೂ ನೋಡಿದೆ. ಕೆಂಚ ಹೊಸ್ತಿಲ ಹೊರಗೆ ನಿಂತು ಒಂದೊಂದೇ ಕಾಲು ಎತ್ತುತ್ತದೆ. ಎತ್ತಿದ ಕಾಲು, ಯಾರೋ ಹಿಡಿದಂತೆ, ಗಾಳಿಯಲ್ಲಿ ಅಲ್ಲಾಡದೆ ನಿಲ್ಲುತ್ತದೆ.

ಮೊನ್ನೆ ನಾಟಿ ಮುಗಿಸಿ ಅದರ ಹಿಂದೆಯೇ ಬಂದೆ. ಅದು ನಾಲ್ಕನೇ ಕಾಲು ಇಳಿಸಿ ಒಳಗೆ ಹೋಯಿತು. ಅದೇ ಜಾಗದಲ್ಲಿ ನಿಂತು, ನಾಚಿಕೆ ಬಿಟ್ಟು, ನಾನೂ ಕಾಲು ಚಾಚಿದೆ.

"ನಂದೂ ಒಂದ್ಸಲ ಒರೆಸ್ರೀ," ಎಂದೆ.

ಕೆಸರು ಕಾಲ ಮೇಲೆಯೇ ಒಣಗಿ ಬಿರುಕು ಬಿಡುವವರೆಗೂ ನಿಂತಿದ್ದೆ. ಗೂಟದ ಟವೆಲ್ಲಿನಿಂದ ಬಿಸಿನೀರು ತೊಟ್ಟಿಕ್ಕುತ್ತಲೇ ಇತ್ತು.